ತಾಯವ್ವನ ತಪಕೀರ ಡಬ್ಬಿ

ನಮ್ಮ ಶಾಲೆಯ ಎಂಬತ್ನಾಲ್ಕು ಮಕ್ಕಳ ಹಲ್ಲುಗಳು ಕಾಗದದ ಮೇಲೆ ಬಹಳ ಗಟ್ಟಿಮುಟ್ಟಾಗಿದ್ದವು. ಪ್ರತಿ ವರ್ಷ ಆರೋಗ್ಯ ತಪಾಸಣೆಯ ನಮೂನೆ ಬರುತ್ತದೆ. ಎತ್ತರ, ತೂಕ, ಕಣ್ಣು, ಕಿವಿ, ಹಲ್ಲು ಎಂದು ಅದರಲ್ಲಿ ಕಾಲಮುಗಳಿರುತ್ತವೆ. ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಇದೆ, ತೂಕಕ್ಕೆ ಯಂತ್ರವಿದೆ. ಹಲ್ಲಿಗೆ ಮಾತ್ರ ಬಾಯಿ ತೆರೆಸಿ, ಬಗ್ಗಿ, ಒಳಗೆ ನೋಡಬೇಕು. ಎಂಬತ್ನಾಲ್ಕು ಬಾಯಿಗಳೊಳಗೆ ಬಗ್ಗಿ ನೋಡುವ ಹುಮ್ಮಸ್ಸು ಯಾರಿಗಿರುತ್ತದೆ? ಮೊದಲ ಹೆಸರಿನ ಮುಂದೆ ‘ಸಾಮಾನ್ಯ’ ಎಂದು ಬರೆದು, ಕೆಳಗಿನ ಎಂಬತ್ಮೂರು ಹೆಸರುಗಳಿಗೂ ಅದೇ ಎಂದು ತೋರಿಸುವ ಒಂದು ಉದ್ದ ಗೆರೆ ಎಳೆದರೆ ಮುಗಿಯಿತು. ಆ ಗೆರೆ ಎಳೆಯುತ್ತಿದ್ದ ಕೈ ನನ್ನದು. ಒಂಬತ್ತು ವರ್ಷ ಎಳೆದಿದ್ದೇನೆ, ಒಂದು ವರ್ಷವೂ ಸೊಟ್ಟಗಾಗಿಲ್ಲ.

ಸಂಶಿಯಿಂದ ಕುಬಿಹಾಳದ ಕಡೆಗೆ ಹೋಗುವ ಬಸ್ಸಿನಿಂದ ನಡುವೆ ಇಳಿದು, ಎರಡು ಕಿಲೋಮೀಟರು ಎರೆಹೊಲದ ನಡುವೆ ನಡೆದರೆ ನಮ್ಮ ಶಾಲೆ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಬರಬೇಕು. ಇಂಥ ಊರಿಗೆ ಬಂದು ನಮ್ಮ ಗೆರೆಯನ್ನು ಪರೀಕ್ಷಿಸುವ ಸಾಹೇಬರು ಇನ್ನೂ ಹುಟ್ಟಿರಲಿಲ್ಲ. ಹೀಗಾಗಿ ನಮ್ಮ ಸುಳ್ಳನ್ನು ಹಿಡಿದದ್ದು ಸಾಹೇಬರಲ್ಲ, ಬಿಸಿಯೂಟ ಮಾಡುವ ತಾಯವ್ವ. ಅವಳಿಗೆ ಓದಲು ಬಾರದು ಎಂಬ ಧೈರ್ಯದ ಮೇಲೆ ನಾವು ನಮೂನೆಗಳನ್ನು ಅಡುಗೆಮನೆಯ ಪಕ್ಕದ ಕಪಾಟಿನಲ್ಲೇ ಇಡುತ್ತಿದ್ದೆವು.

ತಾಯವ್ವನ ತವರು ಅಣ್ಣಿಗೇರಿ. ಅಪ್ಪ ಅಲ್ಲಿಯ ಕಾಳುಕಡಿ ಪೇಟೆಯಲ್ಲಿ ಚೀಲ ಹೊರುತ್ತಿದ್ದ. ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಒಂದು ಸೊಂಟ ಬೇಕಾಗಿದ್ದರಿಂದ ಇವಳ ಶಾಲೆ ಒಂದನೆಯ ತರಗತಿಗೇ ಮುಗಿಯಿತು. ಹದಿನೇಳಕ್ಕೆ ನಮ್ಮೂರಿನ ಮಂಜಪ್ಪನನ್ನು ಮದುವೆಯಾಗಿ ಬಂದಳು. ಹದಿನೇಳು ವರ್ಷದ ಹಿಂದೆ ಶಾಲೆಯ ಅಡುಗೆಗೆ ಸೇರಿದಾಗ ಊರಿನ ಕೆಲವು ಮನೆಗಳ ಮಕ್ಕಳಿಗೆ ಒಂದು ವಿಚಿತ್ರ ರೋಗ ಬಂತು: ಶಾಲೆಯ ಊಟ ಹೊಟ್ಟೆಗೆ ಒಗ್ಗುವುದಿಲ್ಲ. ಅಡುಗೆಯವಳು ಯಾವ ಕೇರಿಯವಳು ಎಂದು ಗೊತ್ತಾದ ದಿನವೇ ರೋಗ ಶುರುವಾದದ್ದು. ತಾಯವ್ವ ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಡುವಾಗ ಮಾತ್ರ ಅಡುಗೆಮನೆಯ ಕಿಟಕಿ ಪೂರ್ತಿ ತೆರೆದಿಡುತ್ತಿದ್ದಳು. ಮೂರು ವರ್ಷದಲ್ಲಿ ರೋಗ ತಾನಾಗಿಯೇ ವಾಸಿಯಾಯಿತು.

ಅವಳ ಸೊಂಟದಲ್ಲಿ ಯಾವಾಗಲೂ ಒಂದು ಸಣ್ಣ ತಗಡಿನ ಡಬ್ಬಿ ಇರುತ್ತಿತ್ತು. ಅದರಲ್ಲಿ ತಪಕೀರ, ಅಂದರೆ ಹಲ್ಲಿಗೆ ತಿಕ್ಕುವ ತಂಬಾಕಿನ ಪುಡಿ. ಬೆಳಗ್ಗೆ ಒಮ್ಮೆ, ಊಟದ ನಂತರ ಒಮ್ಮೆ, ಸಿಟ್ಟು ಬಂದಾಗ ಒಮ್ಮೆ. ಮುಖ್ಯಾಧ್ಯಾಪಕರ ಜೊತೆ ಕೆಲಸ ಮಾಡುವವರಿಗೆ ಸಿಟ್ಟು ಎಷ್ಟು ಸಲ ಬರುತ್ತದೆಂದು ನನಗೆ ಗೊತ್ತಿದೆ, ಅದಕ್ಕೇ ನಾನು ಆ ಡಬ್ಬಿಯ ತಂಟೆಗೆ ಹೋಗಿರಲಿಲ್ಲ. ಐವತ್ತೆರಡರ ವಯಸ್ಸಿಗೆ ಅವಳ ಬಾಯಲ್ಲಿ ಹನ್ನೆರಡು ಹಲ್ಲುಗಳು ಉಳಿದಿದ್ದವು, ಅವೂ ಕರಿ ಎಳ್ಳಿನ ಬಣ್ಣ. ಅದರ ಬಗ್ಗೆ ಅವಳಿಗೆ ಎಳ್ಳಷ್ಟೂ ಚಿಂತೆ ಇರಲಿಲ್ಲ.

“ಹಲ್ಲ ಅಂದ್ರ ಬೀಗರಿದ್ದಂಗ್ರಿ ಅಕ್ಕೋರ, ಬರತಾವು, ಹೋಗತಾವು,” ಎನ್ನುತ್ತಿದ್ದಳು. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ನಾನು ವಿಜ್ಞಾನ ಕಲಿಸುವ ಅಕ್ಕೋರು. ನಕ್ಕು ಸುಮ್ಮನಾಗುತ್ತಿದ್ದೆ.

ಮೂರು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಸೇವಾ ಸಂಘದವರು ಕಾರಿನಲ್ಲಿ ಬಂದು ಎಲ್ಲ ಮಕ್ಕಳಿಗೂ ಒಂದೊಂದು ಬ್ರಷ್, ಒಂದೊಂದು ಸಣ್ಣ ಪೇಸ್ಟ್ ಕೊಟ್ಟರು. ಭಾಷಣವಾಯಿತು. ಮಕ್ಕಳು ಬ್ರಷ್ ಮೇಲಕ್ಕೆತ್ತಿ ಹಲ್ಲು ಕಿಸಿದ ಫೋಟೋ ತೆಗೆದರು. ಆ ಫೋಟೋದಲ್ಲಿ ಕರಿ ಹಲ್ಲುಗಳು ಎದ್ದು ಕಾಣುತ್ತವೆಂದು ಫೋಟೋದವನು ಎರಡನೆಯ ಸಲ ಬಾಯಿ ಮುಚ್ಚಿಸಿ ತೆಗೆದ. ಅಂದು ಮಕ್ಕಳ ಬಾಯನ್ನು ನಿಜವಾಗಿ ಪರೀಕ್ಷಿಸಿದವನು ಅವನೊಬ್ಬನೇ.

ವಾರದ ನಂತರ ಬ್ರಷ್‌ಗಳನ್ನು ತೆಗೆದುಕೊಂಡು ಬನ್ನಿ ಎಂದೆ. ಎಂಬತ್ನಾಲ್ಕರಲ್ಲಿ ಒಂಬತ್ತು ಬಂದವು. ಉಳಿದವನ್ನು ಹುಡುಕುತ್ತ ನಾನು ಕೆಲವು ಮನೆಗಳಿಗೆ ಹೋದೆ. ಒಂದು ಮನೆಯಲ್ಲಿ ಅಪ್ಪ ಅದರಿಂದ ಮೀಸೆಗೆ ಬಣ್ಣ ಹಚ್ಚುತ್ತಿದ್ದ. ಇನ್ನೊಂದು ಮನೆಯಲ್ಲಿ ಅದು ಮೋಟಾರ್‌ಸೈಕಲ್ಲಿನ ಚೈನಿಗೆ ಹೋಗಿತ್ತು. ಊರಿನ ದೊಡ್ಡ ಹೊಲದ ಮನೆಯ ಹಿರಿಯಳು ಶಿವಗಂಗವ್ವ. ಅವರ ಮೊಮ್ಮಕ್ಕಳಾದ ಈರೇಶ, ಅಮೃತಾ ಇಬ್ಬರೂ ನಮ್ಮ ಶಾಲೆಯವರು. ಎರಡು ಬ್ರಷ್‌ಗಳೂ ದೇವರ ಜಗಲಿಯ ಮೇಲಿದ್ದವು. ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಬೆಳ್ಳಿಯ ಕರಡಿಗೆಯನ್ನು ಅವರು ಅದರಿಂದ ಬೆಳಗುತ್ತಿದ್ದರು. ಮೂಲೆ ಮೂಲೆಗೂ ಹೊಗುತ್ತದೆ, ಎಷ್ಟು ಚಲೋ ವಸ್ತು ಕೊಟ್ಟಿರಿ ಎಂದು ನನ್ನನ್ನು ಹೊಗಳಿ ಚಹಾ ಕೊಟ್ಟರು. ದೇವರಿಗೆ ಮುಟ್ಟಿಸಿದ್ದನ್ನು ಮತ್ತೆ ಬಾಯಿಗೆ ಹಾಕುವ ಮಾತೇ ಇರಲಿಲ್ಲ. ಆ ಮನೆಯ ಕರಡಿಗೆಗೆ ಒಂದು ಕಲೆಯಿಲ್ಲ, ಆ ಮನೆಯ ಅಮೃತಾಳ ಬಾಯಲ್ಲಿ ಎರಡು ಕರಿ ಗುಂಡಿಗಳು.

ಕೊನೆಗೆ ತಾಯವ್ವನ ಮನೆ. ಅವಳ ಮಗ ಪ್ರತಾಪ ಸಂಶಿಯ ಗೊಬ್ಬರದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಸೊಸೆ ಮಹಾಲಕ್ಷ್ಮಿ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಯ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋದರೆ ಬರುವುದು ಸಂಜೆ. ಅವರ ಮಗಳು ಭಾಗ್ಯಾ, ಎಂಟು ವರ್ಷದವಳು, ಮೂರನೆಯ ತರಗತಿ, ಬೆಳೆದದ್ದೆಲ್ಲ ಅಜ್ಜಿಯ ಕೈಯಲ್ಲಿ. ಅವಳ ಬ್ರಷ್ ಟ್ರಂಕಿನಲ್ಲಿ, ಹೊಸ ಅಂಗಿಯ ಕೆಳಗೆ, ಪ್ಲಾಸ್ಟಿಕ್ ಹಾಳೆ ಕೂಡ ಹರಿಯದೆ ಇತ್ತು. ಬೀಗರ ಊರಿಗೆ ಹೋಗುವಾಗ ಒಯ್ಯಲು ಇರಲಿ ಎಂದು ತಾಯವ್ವ ಎತ್ತಿಟ್ಟಿದ್ದಳು. ನೆಂಟರ ಮನೆಯಲ್ಲಿ ಮರ್ಯಾದೆ ಬೇಕು, ಸ್ವಂತ ಮನೆಯಲ್ಲಿ ಬೆರಳು, ಬೂದಿ ಸಾಕು.

ನಾನು ಎಲ್ಲವನ್ನೂ ಕೇಳಿ, ಶಾಲೆಗೆ ಮರಳಿ, ಸಂಘದವರಿಗೆ ‘ಬ್ರಷ್‌ಗಳು ಬಹಳ ಉಪಯೋಗವಾಗುತ್ತಿವೆ’ ಎಂದು ಪತ್ರ ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅದೇ ವರ್ಷ ಊಟದ ಜೊತೆ ಮಕ್ಕಳಿಗೆ ಕೊಡುವ ತತ್ತಿ, ಅಂದರೆ ಮೊಟ್ಟೆ, ತುಟ್ಟಿಯಾಯಿತು. ಎರಡು ತಿಂಗಳ ಮಟ್ಟಿಗೆ ತತ್ತಿಯ ಬದಲು ಎಲ್ಲರಿಗೂ ಶೇಂಗಾ ಚಿಕ್ಕಿ, ಬೇಡವೆಂದವರಿಗೆ ಬಾಳೆಹಣ್ಣು ಎಂದು ಮುಖ್ಯಾಧ್ಯಾಪಕರು ತೀರ್ಮಾನಿಸಿದರು. ಸಿಹಿ ತಿಂದರೆ ಹಲ್ಲು ಹುಳುಕಾಗುತ್ತದೆ ಎಂದು ಬೆಳಗ್ಗೆ ನಾನು ಪಾಠ ಮಾಡುವುದು, ಮಧ್ಯಾಹ್ನ ಹಲ್ಲಿಗೆ ಅಂಟುವ ಬೆಲ್ಲದ ಚಿಕ್ಕಿಯನ್ನು ಸಾಲಿನಲ್ಲಿ ನಿಲ್ಲಿಸಿ ಹಂಚುವುದು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಗಾದೆ ಮಾಡಿದವರು ನಮ್ಮ ಶಾಲೆ ನೋಡಿರಲಿಲ್ಲ. ಇಲ್ಲಿ ಎರಡನ್ನೂ ಒಂದೇ ಗಂಟೆಗೆ ಮುಗಿಸುವ ವ್ಯವಸ್ಥೆ ಇತ್ತು.

ಮೂರನೆಯ ವಾರ ತಾಯವ್ವ ಸೌಟು ಹಿಡಿದುಕೊಂಡೇ ನನ್ನ ತರಗತಿಯ ಬಾಗಿಲಿಗೆ ಬಂದಳು.

“ಅಕ್ಕೋರ, ಹನ್ನೊಂದ ಹುಡುಗೂರಿಗೆ ದವಡಿ ಹಲ್ಲಿನ ಬ್ಯಾನಿ ಐತಿ ನೋಡ್ರಿ.”

ಹೇಗೆ ಗೊತ್ತು ಎಂದೆ. ಚಿಕ್ಕಿ ಬಿಟ್ಟು ಬಾಳೆಹಣ್ಣು ಕೇಳುವ ಹುಡುಗರು ಲೋಕದಲ್ಲಿಲ್ಲ ಎಂದಳು. ಒಂದು ದಿನ ಕೇಳಿದರೆ ಆಸೆ, ಎರಡು ದಿನ ಕೇಳಿದರೆ ಹಟ, ವಾರವೆಲ್ಲ ಕೇಳಿದರೆ ಬ್ಯಾನಿ. ಅಷ್ಟೇ ಅಲ್ಲ, ಆ ಹನ್ನೊಂದು ಮಕ್ಕಳೇ ಪಾತ್ರೆಯ ನಡುವಿನ ಮೆತ್ತಗಿನ ಅನ್ನ ಬೇಡುತ್ತಾರೆ, ತಲೆ ಒಂದು ಕಡೆ ವಾಲಿಸಿ ಅಗಿಯುತ್ತಾರೆ, ತಣ್ಣೀರು ಕುಡಿದಾಗ ಕಣ್ಣು ಮುಚ್ಚುತ್ತಾರೆ. ಹದಿನಾಲ್ಕು ವರ್ಷ ಬಡಿಸಿದ ಕೈಗೆ ಮಕ್ಕಳ ತಟ್ಟೆಯೇ ಪುಸ್ತಕವಾಗಿತ್ತು. ನಾನು ನಂಬದೆ ಮೊದಲು ಅಮೃತಾಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಬಾಯಿ ತೆರೆಸಿದೆ. ಹಿಂದಿನ ಹಲ್ಲಿನ ಗುಂಡಿಯಲ್ಲಿ ಒಂದು ಜೋಳದ ಕಾಳು ಕೂರುವಷ್ಟು ಜಾಗವಿತ್ತು. ಆಮೇಲೆ ಉಳಿದ ಹತ್ತೂ ಮಕ್ಕಳನ್ನು ನೋಡಿದೆ. ತಾಯವ್ವ ಒಂದನ್ನೂ ತಪ್ಪು ಹೇಳಿರಲಿಲ್ಲ. ನಾನು ಒಂದನ್ನೂ ಸರಿ ಬರೆದಿರಲಿಲ್ಲ.

ಮುಖ್ಯಾಧ್ಯಾಪಕರಿಗೆ ಹೇಳಿದಾಗ ಅವರು ಗಾಬರಿಯಾದರು. ಗಾಬರಿ ಹಲ್ಲಿನದಲ್ಲ.

“ನಮೂನಿ ಹ್ವಾದ ತಿಂಗಳ ಕಳಿಸೇವ್ರಿ. ಈಗ ಹನ್ನೊಂದ ಮಂದೀವು ಕೆಟ್ಟಾವು ಅಂದ್ರ, ಒಂದ ತಿಂಗಳದಾಗ ಹೆಂಗ ಕೆಟ್ಟವು ಅಂತ ನಮ್ಮನ್ನ ಕೇಳತಾರ,” ಎಂದರು. ಮುಂದಿನ ನಮೂನೆ ಬರುವವರೆಗೆ ಆ ಹಲ್ಲುಗಳು ಸಾಮಾನ್ಯವಾಗಿಯೇ ಇರಲಿ ಎಂಬುದು ಅವರ ಸೂಚನೆ. ಆದರೂ ಪಾಲಕರ ಸಭೆ ಕರೆಯಲು ಒಪ್ಪಿದರು. ಸಭೆ ಹೇಗಿದ್ದರೂ ತಿಂಗಳಿಗೊಂದು ತೋರಿಸಬೇಕಿತ್ತು.

ಶನಿವಾರ ಇಪ್ಪತ್ತಾರು ತಾಯಂದಿರು, ಅಜ್ಜಿಯಂದಿರು ಬಂದರು. ನಾನು ಗೋಡೆಗೆ ಹಲ್ಲಿನ ಚಿತ್ರಪಟ ತೂಗುಹಾಕಿ ದಂತಕ್ಷಯ, ದಂತಮಜ್ಜೆ, ದಂತಕವಚ ಎಂದು ಇಪ್ಪತ್ತು ನಿಮಿಷ ಮಾತಾಡಿದೆ. ಅವರು ಅಷ್ಟು ಹೊತ್ತೂ ತಲೆಯಾಡಿಸಿದರು. ಪ್ರಶ್ನೆ ಇದ್ದರೆ ಕೇಳಿ ಎಂದಾಗ, ಈ ವರ್ಷದ ಬೂಟು ಯಾವಾಗ ಕೊಡುತ್ತೀರಿ ಎಂದು ಕೇಳಿದರು. ಆಗ ನಾನು ಸೋತು ತಾಯವ್ವನನ್ನು ಕರೆದೆ.

ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು, ಚಿತ್ರಪಟದ ಕಡೆ ನೋಡದೆ, ಯಾವ ಮನೆಯ ಯಾವ ಮಗು ಯಾವ ಕಡೆಯ ದವಡೆಯಲ್ಲಿ ಅಗಿಯುತ್ತದೆ ಎಂದು ಒಂದೊಂದಾಗಿ ಹೇಳಿದಳು. ತಾಯಂದಿರು ಮೊದಲ ಸಲ ಮುಂದೆ ಸರಿದು ಕೂತರು. ಅಮೃತಾಳ ಹೆಸರು ಬಂದದ್ದೇ ಶಿವಗಂಗವ್ವ ಎದ್ದು ನಿಂತರು. ತುಂಬಿದ ಸಭೆಯಲ್ಲಿ ಅಡುಗೆಯವಳ ಬಾಯಿಂದ ತಮ್ಮ ಮನೆತನದ ಹಲ್ಲಿನ ಸುದ್ದಿ ಕೇಳುವುದು ಅವರಿಗೆ ಹಿಡಿಸಲಿಲ್ಲ.

“ಮನಿಗೆ ಮಾರಿ, ಊರಿಗೆ ಉಪಕಾರಿ. ಮೊದ್ಲ ನಿನ್ನ ಮೊಮ್ಮಗಳ ಬಾಯಿ ತಗದ ನೋಡ ಬೇ ತಾಯವ್ವಾ. ದಿನಾ ಅಕಿ ಚಿಕ್ಕಿ ನಮ್ಮ ಈರೇಶ ತಿನ್ನಾಕತ್ತಾನ.”

ತಾಯವ್ವ ನಕ್ಕಳು. ತನ್ನ ಮೊಮ್ಮಗಳು ದಿನವೂ ತನ್ನ ಕೈಯಿಂದಲೇ ಚಿಕ್ಕಿ ಇಸಿದುಕೊಳ್ಳುತ್ತಾಳೆ, ಒಂದು ದಿನವೂ ಬಾಳೆಹಣ್ಣು ಕೇಳಿಲ್ಲ ಎಂದಳು. ಅದು ನಿಜವೇ ಆಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಈರೇಶ ತಾನೇ ಒಪ್ಪಿಕೊಂಡ: ಭಾಗ್ಯಾ ಶಾಲೆಯ ಹಿಂದೆ ಬಂದು ಚಿಕ್ಕಿ ಕೊಡುತ್ತಾಳೆ, ಬದಲಿಗೆ ತಾನು ಅವಳ ಮಗ್ಗಿ ಬರೆದುಕೊಡುತ್ತೇನೆ. ಹಿಂದಿನ ವಾರವಷ್ಟೇ ನಾನು ಆ ಮಗ್ಗಿಯ ಅಕ್ಷರಗಳಿಗೆ ‘ಉತ್ತಮ’ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೆ.

ಭಾಗ್ಯಾಳನ್ನು ಮೈದಾನದಿಂದ ಕರೆಸಿದರು. ತಾಯವ್ವ ಒಂದು ಚಿಕ್ಕಿ ಅವಳ ಮುಂದೆ ಹಿಡಿದು ಕಡಿ ಎಂದಳು. ಹುಡುಗಿ ಚಿಕ್ಕಿ ನೋಡಲಿಲ್ಲ. ಅಜ್ಜಿಯ ಸೊಂಟದ ಡಬ್ಬಿ ನೋಡಿದಳು.

“ತಪಕೀರ ತಿಕ್ಕೂದಿಲ್ಲಂದ್ರ ಹೇಳತೇನಿ, ಆಯಿ.”

ತಾಯವ್ವನ ಕೈ ಅಲ್ಲೇ ನಿಂತಿತು. ಹಿಂದಿನ ದೀಪಾವಳಿಗೆ ಭಾಗ್ಯಾ ಹಲ್ಲು ನೋಯುತ್ತದೆ ಎಂದು ಅತ್ತಿದ್ದಳಂತೆ. ಹಾಲುಹಲ್ಲು, ಹೇಗೂ ಬೀಳುತ್ತದೆ, ಮತ್ತೆ ಬರುತ್ತದೆ ಎಂದು ತಾಯವ್ವ ತನಗೆ ತಿಳಿದ ಔಷಧ ಮಾಡಿದಳು. ಒಂದು ಚಿಟಿಕೆ ತಪಕೀರ ತೆಗೆದು ಹಲ್ಲಿಗೆ ಒತ್ತಿದಳು. ಮಗು ತಲೆ ತಿರುಗಿ, ದಿನವಿಡೀ ವಾಂತಿ ಮಾಡಿಕೊಂಡು ಮಲಗಿತು. ಮರುದಿನದಿಂದ ಹಲ್ಲಿನ ದೂರು ನಿಂತಿತು. ಔಷಧ ಹತ್ತಿತು ಎಂದು ಅಜ್ಜಿ ತಿಳಿದಳು. ಮಗು ಹತ್ತು ತಿಂಗಳು ನೋವನ್ನು ಬಚ್ಚಿಟ್ಟುಕೊಂಡಿತ್ತು. ಊರ ಮಕ್ಕಳ ಬಾಯನ್ನೆಲ್ಲ ದೂರದಿಂದ ಓದುತ್ತಿದ್ದವಳಿಗೆ ಮಗ್ಗುಲಲ್ಲಿ ಮಲಗುವ ಮಗುವಿನ ಬಾಯಿ ಕಂಡಿರಲಿಲ್ಲ. ಶಿವಗಂಗವ್ವ ಗೆದ್ದಿದ್ದರು, ಆದರೆ ಯಾಕೋ ತಮ್ಮ ಜಾಗಕ್ಕೆ ಮರಳಿ ಕೂತರು.

ಮಂಗಳವಾರ ಮಹಾಲಕ್ಷ್ಮಿ ಆ ದಿನದ ಕೆಲಸ ಬಿಟ್ಟಳು, ನಾನು ರಜೆ ಹಾಕಿದೆ. ತಾಯವ್ವ, ಭಾಗ್ಯಾ ಸೇರಿ ನಾಲ್ವರೂ ಹುಬ್ಬಳ್ಳಿಯ ಹಲ್ಲಿನ ದವಾಖಾನೆಗೆ ಹೋದೆವು. ಉಳಿದಿರುವ ಒಂದೇ ಆಸೆ, ಹಲ್ಲು ಹಾಲುಹಲ್ಲಾಗಿರಲಿ ಎಂಬುದು. ದಾರಿಯುದ್ದಕ್ಕೂ ತಾಯವ್ವ ಅದನ್ನೇ ಹೇಳುತ್ತಿದ್ದಳು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಭಾಗ್ಯಾಳ ಬಾಯನ್ನು ಬಹಳ ಹೊತ್ತು ನೋಡಿ, ಎಡಗಡೆ ಕೆಳಗಿನ ದವಡೆ ಹಲ್ಲು ಉಳಿಯುವುದಿಲ್ಲ, ಬೇರಿನಲ್ಲಿ ಕೀವಿದೆ, ತೆಗೆಯಬೇಕು ಎಂದರು. ಬಲಗಡೆಯದಕ್ಕೆ ತೂತು ಸಣ್ಣದು, ತುಂಬಬಹುದು. ತಾಯವ್ವ ಉಸಿರು ಬಿಟ್ಟು, ತೆಗೆಯಿರಿ, ಹೊಸದು ಬರುತ್ತದಲ್ಲ ಎಂದಳು.

“ಇದು ಹಾಲುಹಲ್ಲು ಅಲ್ಲ ಅಜ್ಜಿ. ಆರನೇ ವರ್ಷಕ್ಕ ಎಲ್ಲಾ ಹಲ್ಲಿನ ಹಿಂದ ಬರೂ ಹಲ್ಲಿದು. ಯಾವ ಹಲ್ಲೂ ಬೀಳದ ಸುಮ್ಮನ ಬರತೈತಿ, ಅದಕ್ಕ ಮನ್ಯಾಗ ಯಾರಿಗೂ ಗೊತ್ತಾಗೂದಿಲ್ಲ. ಮುದುಕಿ ಆಗೂತನಾ ಇರಬೇಕಾಗಿತ್ತು.”

“ಮತ್ತ ಬರೂದಿಲ್ಲೇನ್ರಿ?”

“ಇಲ್ಲ.”

ಮರಳಿ ಬರುವ ಬಸ್ಸಿನಲ್ಲಿ ಭಾಗ್ಯಾ ಹತ್ತಿ ಕಚ್ಚಿಕೊಂಡು ತಾಯಿಯ ತೊಡೆಯ ಮೇಲೆ ಮಲಗಿದ್ದಳು. ಕಿತ್ತ ಹಲ್ಲು ಕಾಗದದಲ್ಲಿ ಸುತ್ತಿ ತಾಯವ್ವನ ಮುಷ್ಟಿಯಲ್ಲಿತ್ತು. ಅವಳು ನನ್ನ ಕಡೆ ತಿರುಗದೆಯೇ ಕೇಳಿದಳು.

“ಅಕ್ಕೋರ, ನಿಮಗ ಗೊತ್ತಿತ್ತೇನ್ರಿ, ಇಂಥಾದೊಂದ ಹಲ್ಲ ಐತಿ ಅಂತ?”

ಗೊತ್ತಿತ್ತು. ಗೋಡೆಗೆ ತೂಗುಹಾಕಿದ್ದ ಚಿತ್ರಪಟದಲ್ಲೇ ಆ ಹಲ್ಲಿಗೆ ಬೇರೆ ಬಣ್ಣವಿತ್ತು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ನಾನೇ ಹಲವು ಸಲ ಕೇಳಿದ್ದೆ. ಹೌದು, ಗೊತ್ತಿತ್ತು ಎಂದೆ.

“ಹಂಗಾರ ನಮಗೂ ಒಂದ ಮಾತ ಹೇಳಬೇಕಿತ್ತಲ್ರಿ.”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಮೂವತ್ತು ಸಾವಿರ ಸಲ ‘ಅರ್ಥವಾಯಿತೇ ಮಕ್ಕಳೇ’ ಎಂದು ಕೇಳಿದ ನನ್ನ ಬಾಯಿ ಅಡುಗೆಮನೆಯ ಕಡೆ ಒಂದು ಸಲವೂ ತಿರುಗಿರಲಿಲ್ಲ.

ನಮ್ಮ ಕಡೆ ಮಕ್ಕಳ ಹಲ್ಲು ಬಿದ್ದರೆ ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುತ್ತಾರೆ. ಹಾಗೆ ಎಸೆದರೆ ಹೊಸ ಹಲ್ಲು ಬರುತ್ತದೆಂದು ನಂಬಿಕೆ. ಮನೆ ಮುಟ್ಟಿದ ಕೂಡಲೇ ಭಾಗ್ಯಾ ಹಿತ್ತಲಿನಿಂದ ಸಗಣಿ ತಂದು ಅಜ್ಜಿಯ ಮುಂದೆ ಕೈ ಚಾಚಿದಳಂತೆ. ಮರುದಿನ ಮಹಾಲಕ್ಷ್ಮಿ ನನಗೆ ಇದನ್ನು ಹೇಳಿದಳು. ತಾಯವ್ವ ಹಲ್ಲು ಕೊಡಲಿಲ್ಲ. ಸೊಂಟದ ಡಬ್ಬಿ ತೆಗೆದು, ತಪಕೀರವನ್ನೆಲ್ಲ ತಿಪ್ಪೆಗೆ ಸುರಿದು, ಡಬ್ಬಿಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು, ಹಲ್ಲನ್ನು ಅದರೊಳಗಿಟ್ಟು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಒಂದೇ ದಿನಕ್ಕೆ ಚಟ ಬಿಟ್ಟು ಮಹಾತ್ಮಳಾದಳು ಎಂದು ಯಾರೂ ತಿಳಿಯಬಾರದು. ಮೂರು ವಾರ ಸಾರಿಗೆ ಉಪ್ಪು ಹೆಚ್ಚಾಯಿತು, ಮುಖ್ಯಾಧ್ಯಾಪಕರು ಎರಡು ಸಲ ಬೈಸಿಕೊಂಡರು. ಸಿಟ್ಟು ಬಂದಾಗ ಕೈ ತಾನಾಗಿ ಡಬ್ಬಿಗೆ ಹೋಗುತ್ತಿತ್ತು. ಮುಚ್ಚಳ ತೆಗೆಯುತ್ತಿದ್ದಳು, ಒಳಗೆ ನೋಡುತ್ತಿದ್ದಳು, ಮುಚ್ಚುತ್ತಿದ್ದಳು.

ಬ್ರಷ್‌ಗಳ ಮೇಲೆ ಮನೆಗಳಿಗೆ ಪೂರ್ತಿ ಹಕ್ಕಿಲ್ಲ ಎಂದು ಅವಳೇ ಕಾಯಿದೆ ಮಾಡಿದಳು. ಹೊಸ ಬ್ರಷ್‌ಗಳು ಸಂಘದಿಂದ ಬಂದಾಗ ಪ್ರತಿ ಮಗುವಿನ ಒಂದನ್ನು ಮನೆಗೆ ಕೊಟ್ಟು, ಇನ್ನೊಂದನ್ನು ಅಡುಗೆಮನೆಯ ಗೋಡೆಯ ಮೊಳೆಗಳಿಗೆ ಹೆಸರು ಹಚ್ಚಿ ತೂಗುಹಾಕಿದೆವು. ಊಟವಾದ ಮೇಲೆ ನಳದ ಹತ್ತಿರ ಮಕ್ಕಳು ಸಾಲಾಗಿ ನಿಂತು ತಿಕ್ಕುತ್ತಾರೆ, ತಾಯವ್ವ ಸೌಟು ಹಿಡಿದು ನಿಂತಿರುತ್ತಾಳೆ. ಸೌಟಿನಿಂದ ಯಾರನ್ನೂ ಹೊಡೆದಿಲ್ಲ, ಆದರೆ ಹೊಡೆಯುವುದಿಲ್ಲ ಎಂದೂ ಯಾರಿಗೂ ಹೇಳಿಲ್ಲ. ಮನೆಯಲ್ಲಿ ತಿಕ್ಕಿದರೋ ಇಲ್ಲವೋ ಎಂದು ಅವಳು ಸಂಜೆ ಹೋಗುವಾಗ ಹೊಸ್ತಿಲಲ್ಲೇ ನಿಂತು ತಾಯಂದಿರನ್ನು ಕೇಳುತ್ತಾಳೆ. ಶಿವಗಂಗವ್ವನವರು ಈಗ ಕರಡಿಗೆಗೆ ಬೇರೆ ಬ್ರಷ್ ಕೊಂಡಿದ್ದಾರೆ. ಅಮೃತಾಳ ಹಲ್ಲು ತುಂಬಿಸಿಕೊಂಡು ಬಂದ ದಿನ ಅವರೇ ಅಡುಗೆಮನೆಯ ಬಾಗಿಲಿಗೆ ಬಂದು ತಾಯವ್ವನಿಗೆ ತೋರಿಸಿ ಹೋದರು. ಹದಿನಾಲ್ಕು ವರ್ಷದಲ್ಲಿ ಅವರು ಆ ಬಾಗಿಲಿಗೆ ಬಂದದ್ದು ಅದೇ ಮೊದಲು.

ಒಂದನೆಯ ತರಗತಿಗೆ ಮಕ್ಕಳನ್ನು ಸೇರಿಸುವ ದಿನ ತಾಯವ್ವನಿಗೆ ಶಾಲೆಯಲ್ಲಿ ಒಂದು ಕುರ್ಚಿ ಇದೆ. ನಾನು ಹೆಸರು, ಹುಟ್ಟಿದ ದಿನಾಂಕ ಬರೆದುಕೊಳ್ಳುತ್ತೇನೆ. ಅವಳು ತಾಯಂದಿರ ಮುಂದೆ ಡಬ್ಬಿ ತೆರೆದು ಹಿಡಿಯುತ್ತಾಳೆ. ಆರನೆಯ ವರ್ಷಕ್ಕೆ ಹಿಂದಿನಿಂದ ಬರುವ ಈ ಹಲ್ಲು ಮಾಳಿಗೆಯ ಮೇಲೆ ಎಸೆಯುವ ಹಲ್ಲಲ್ಲ ಎಂದು ಹೇಳುತ್ತಾಳೆ. ಯಾರ ಬಾಯಿಂದ ಬಂದದ್ದು ಎಂದು ಕೇಳಿದರೆ ಮುಚ್ಚಿಡುವುದಿಲ್ಲ. ನನ್ನ ಚಿತ್ರಪಟಕ್ಕೆ ತಲೆಯಾಡಿಸಿದ ತಾಯಂದಿರು ಇದಕ್ಕೆ ತಲೆಯಾಡಿಸುವುದಿಲ್ಲ. ಮಗುವಿನ ಗದ್ದ ಹಿಡಿದು ಅಲ್ಲೇ ಬಾಯಿ ತೆರೆಸುತ್ತಾರೆ.

ಮುಂದಿನ ವರ್ಷ ಮತ್ತೆ ನಮೂನೆ ಬಂತು. ಅಭ್ಯಾಸ ಕೆಟ್ಟದ್ದು, ಪೆನ್ನು ಮೊದಲ ಹೆಸರಿನ ಮುಂದೆ ‘ಸಾಮಾನ್ಯ’ದ ‘ಸಾ’ ಬರೆದೇಬಿಟ್ಟಿತ್ತು. ಚಹಾ ತಂದಿಟ್ಟ ತಾಯವ್ವ ಕಾಗದ ನೋಡಿದಳು. ಅಕ್ಷರ ಬಾರದಿದ್ದರೂ ಒಂದೂ ಬಾಯಿ ತೆರೆಸದೆ ಪೆನ್ನು ಹಿಡಿದರೆ ಮುಂದೆ ಉದ್ದ ಗೆರೆ ಬರುತ್ತದೆಂದು ಅವಳಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಡಬ್ಬಿಯನ್ನು ಸೊಂಟದಿಂದ ತೆಗೆದು ನಮೂನೆಯ ಮೇಲಿಟ್ಟು ಪಾತ್ರೆ ತೊಳೆಯಲು ಹೋದಳು.

ಎಂಬತ್ನಾಲ್ಕು ಬಾಯಿಗಳನ್ನು ನೋಡಲು ನನಗೆ ಮೂರು ದಿನ ಹಿಡಿಯಿತು. ಭಾಗ್ಯಾ ತಾನಾಗಿಯೇ ಬಾಯಿ ಅಗಲಿಸಿ ನಿಂತಳು, ಡಬ್ಬಿಯ ಕಡೆ ಹೆದರಿ ನೋಡಲಿಲ್ಲ. ಬಲಗಡೆಯ ಹಲ್ಲು ಗಟ್ಟಿಯಾಗಿತ್ತು. ಅವಳ ಹೆಸರಿನ ಮುಂದೆ, ‘ಎಡಗಡೆ ಕೆಳಗಿನ ದವಡೆ ಹಲ್ಲು ಇಲ್ಲ, ಮತ್ತೆ ಬರುವುದಿಲ್ಲ’ ಎಂದು ಬರೆದೆ. ಸರಕಾರದ ಕಾಲಮಿನಲ್ಲಿ ಅಷ್ಟು ಜಾಗವಿರಲಿಲ್ಲ. ಉಳಿದದ್ದನ್ನು ಗೆರೆಯ ಆಚೆ ಬರೆದೆ.